ಇನ್ನೂರು ಮೀಟರಿನ ಹಲಗೆ

ಪೊಲೀಸಿನವನು ಡೋಲಿನ ಚರ್ಮದ ಮೇಲೆ ಎರಡು ಬೆರಳಿನಿಂದ ತಟ್ಟಿ ಫ್ರೆಂಚಿನಲ್ಲಿ ಏನೋ ಹೇಳಿದ. ಗೋದೆಲೀವಳಿಗೆ ಫ್ರೆಂಚ್ ಅಷ್ಟಕ್ಕಷ್ಟೆ. ಆದರೆ ಎದ್ದು ಹೋಗಿ ಎನ್ನುವುದನ್ನು ಯಾವ ಭಾಷೆಯಲ್ಲಿ ಹೇಳಿದರೂ ಗೊತ್ತಾಗುತ್ತದೆ. ಅವಳು ಮಡಿಚುವ ಕುರ್ಚಿ ಬಿಟ್ಟು ಏಳಲಿಲ್ಲ. ಬೆಳಗಿನ ಕಾಫಿಯನ್ನೂ ಕುಡಿಯದೆ ಓಡಿಬಂದು ಹಿಡಿದ ಜಾಗ ಅದು. ರಸ್ತೆಯ ಆಚೆ ಬದಿಗೆ 200 ಎಂದು ಬರೆದ ಹಲಗೆ, ಈಚೆ ಬದಿಯ ಕಬ್ಬಿಣದ ಬೇಲಿಗೆ ಒರಗಿಸಿದ ಅವಳ ಡೋಲು, ಎರಡೂ ಎದುರುಬದುರು.

"ಏನಂತೆ ಇವನ್ದು?" ಎಂದು ಫಿರ್ಮಿನನ ಕಡೆ ತಿರುಗಿದಳು.

ಫಿರ್ಮಿನ್ ಅವರೂರಿನ ಮಾಂಸದಂಗಡಿಯವನು, ನೋಯೆಲ್ ಅಭಿಮಾನಿ ಸಂಘದ ಅಧ್ಯಕ್ಷ. ಗಿರಾಕಿಗಳ ಜೊತೆ ಚೌಕಾಸಿ ಮಾಡುವಷ್ಟು ಫ್ರೆಂಚ್ ಅವನಿಗೆ ಬರುತ್ತಿತ್ತು. ಪೊಲೀಸಿನವನ ಜೊತೆ ಕೈಬಾಯಿ ತಿರುಗಿಸಿ ಮಾತಾಡಿದ, ಐಸ್ ಪೆಟ್ಟಿಗೆಯಿಂದ ತಣ್ಣನೆಯ ಬಿಯರ್ ಒಂದನ್ನು ತೆಗೆದು ಅವನ ಮುಂದೆ ಹಿಡಿದ. ಅವನು ಬಿಯರನ್ನೂ ನೋಡಿದ, ಫಿರ್ಮಿನನನ್ನೂ ನೋಡಿದ, ಮತ್ತೆ ಡೋಲನ್ನೇ ತೋರಿಸಿದ.

"ಇಲ್ಲಿ ಅತಿಥಿಗಳ ಚಪ್ಪರ ಹಾಕ್ತಾರಂತೆ ಕಣೆ. ಟೈ ಕಟ್ಟಿರೋ ಮಹಾನುಭಾವ್ರು ವೈನ್ ಕುಡ್ಕೊಂಡು ನೋಡ್ಬೇಕಂತೆ. ನಾವು ಹಿಂದಕ್ಕೆ ಹೋಗ್ಬೇಕಂತೆ."

"ಎಷ್ಟು ಹಿಂದಕ್ಕೆ?"

"ಎಲ್ಲಿ ಜಾಗ ಸಿಗುತ್ತೋ ಅಲ್ಲಿಗೆ. ಏಳು, ಏಳು. ಇವ್ನ ಹತ್ರ ಜಗಳ ಆಡಿ ಪ್ರಯೋಜನ ಇಲ್ಲ, ಬಿಯರ್ ಬೇಡ ಅನ್ನೋ ಮನುಷ್ಯ ಇವ್ನು."

"ನಾನು ಏಳಲ್ಲ."

ಸಂಘದ ಉಳಿದವರು ಆಗಲೇ ಕುರ್ಚಿ ಮಡಿಚುತ್ತಿದ್ದರು. ಅವರಿಗೇನು, ರಸ್ತೆ ಕಂಡರೆ ಆಯಿತು, ನೆರಳಿದ್ದರೆ ಇನ್ನೂ ಒಳ್ಳೆಯದು. ಲೀವಕ್ಕನಿಗೆ ಇವತ್ತು ಏನು ಬಂತು ಎಂದು ಮುಖ ಮುಖ ನೋಡಿಕೊಂಡರು. ಕೊನೆಗೆ ಇಬ್ಬರು ಗಂಡಸರು ಡೋಲನ್ನು ಆಚೆ ಈಚೆ ಹಿಡಿದು ಎತ್ತಿಕೊಂಡು ನಡೆದೇಬಿಟ್ಟರು. ಡೋಲು ಹೋದ ಮೇಲೆ ಅವಳು ಅಲ್ಲಿ ಕೂತು ಮಾಡುವುದೇನಿತ್ತು? ಹಿಂದೆಯೇ ಹೋದಳು.

ಫ್ಲೆಮಿಷ್ ಮಾತಾಡುವ ಫ್ಲಾಂಡರ್ಸ್ ಸೀಮೆಯ ಬೇವರ್‌ಹುಕ್ ಎಂಬ ಸಣ್ಣ ಊರಿನ ಜನ ಇವರು. ಪ್ರತಿ ಜುಲೈನಲ್ಲೂ ಬಾಡಿಗೆ ಬಸ್ಸು ಮಾಡಿಕೊಂಡು ಟೂರ್ ಎಂಬ ಫ್ರಾನ್ಸಿನ ಸೈಕಲ್ ಪಂದ್ಯದ ಹಿಂದೆ ಸುತ್ತುತ್ತಾರೆ. ಮೂರು ವಾರದ ಪಂದ್ಯದಲ್ಲಿ ಇವರು ನೋಡುವುದು ಸಪಾಟು ರಸ್ತೆಯ ಹಂತಗಳನ್ನು ಮಾತ್ರ. ಕೊನೆಯಲ್ಲಿ ನೂರಾರು ಸೈಕಲ್ಲು ಒಟ್ಟಿಗೆ ನುಗ್ಗಿ ಬಂದು ಒಂದೇ ಉಸಿರಿನಲ್ಲಿ ತೀರ್ಮಾನವಾಗುವಂಥವು. ಬೆಟ್ಟದ ದಿನ ಇವರಿಗೆ ಅಲ್ಲಿ ಕೆಲಸವಿಲ್ಲ. ಅವತ್ತು ಯಾವುದಾದರೂ ಡೇರೆ ಹಾಕುವ ಬಯಲಿನಲ್ಲಿ ಬಸ್ಸು ನಿಲ್ಲಿಸಿ, ಇಸ್ಪೀಟು ಆಡುತ್ತ, ಸಾಸೇಜು ಸುಡುತ್ತ ಕಾಲ ಕಳೆಯುತ್ತಾರೆ. ಅತ್ತ ನೋಯೆಲ್ ತನ್ನಂಥ ದಪ್ಪ ತೊಡೆಯವರ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ, ಗಡುವಿನೊಳಗೆ ತಲುಪಿದರೆ ಸಾಕಪ್ಪಾ ಎಂದು ಬೆಟ್ಟ ಹತ್ತುತ್ತಿರುತ್ತಾನೆ. ಆ ಗುಂಪಿಗೆ ಸೈಕಲ್ ಜನ ಬಸ್ಸು ಎಂದೇ ಹೆಸರಿಟ್ಟಿದ್ದಾರೆ. 'ನಮ್ದೂ ಬಸ್ಸು, ಅವನ್ದೂ ಬಸ್ಸು' ಎಂದು ಮುದುಕ ಆಖೀಲ್ ಪ್ರತಿ ಬೆಟ್ಟದ ದಿನವೂ ಅದೇ ಜೋಕು ಹೊಡೆಯುತ್ತಿದ್ದ. ಪ್ರತಿ ಸಲವೂ ಯಾರೋ ಒಬ್ಬರು ಪಾಪ ಎಂದುಕೊಂಡು ನಗುತ್ತಿದ್ದರು.

ನೋಯೆಲ್ ಗೋದೆಲೀವಳ ತಮ್ಮ. ಒಂದು ಕಾಲಕ್ಕೆ ಆ ಕೊನೆಯ ನುಗ್ಗಾಟದಲ್ಲಿ ಅವನೇ ಗೆಲ್ಲುತ್ತಿದ್ದ. ಗೆದ್ದ ದಿನ ಊರಿನಲ್ಲಿ ಬ್ಯಾಂಡು ಹೊರಡುತ್ತಿತ್ತು, ಅವಳ ಗಂಡ ಆಂದ್ರೆ ಬ್ಯಾಂಡಿನ ಮುಂದೆ ಇದೇ ಡೋಲು ಬಾರಿಸುತ್ತಿದ್ದ. ಆಂದ್ರೆ ತೀರಿಕೊಂಡ ಮೇಲೆ ಡೋಲನ್ನು ವಾಪಸು ಕೇಳುವ ಧೈರ್ಯ ಬ್ಯಾಂಡಿನವರಿಗೆ ಆಗಲಿಲ್ಲ, ಕೊಡುವ ಮನಸ್ಸು ಅವಳಿಗೂ ಬರಲಿಲ್ಲ. ತರಕಾರಿ ಕಾರ್ಖಾನೆಯಲ್ಲಿ ವರ್ಷವಿಡೀ ಬೀನ್ಸ್ ಆರಿಸುವ ಹೆಂಗಸು, ತೋಳು ಗಟ್ಟಿ. ಗಂಡಸರಿಗಿಂತ ಚೆನ್ನಾಗಿಯೇ ಬಾರಿಸುತ್ತಾಳೆ ಎಂದು ಫಿರ್ಮಿನನೇ ಒಪ್ಪಿಕೊಂಡಿದ್ದ. ಅವನು ಒಪ್ಪಿಕೊಳ್ಳುವ ಮಾತುಗಳು ಬಹಳ ಇಲ್ಲ.

ಈಗ ನೋಯೆಲ್ ಗೆಲ್ಲುವವನಲ್ಲ, ಗೆಲ್ಲಿಸುವವನು. ತಂಡದ ಯಜಮಾನ ಇಟಲಿಯಿಂದ ದಾರಿಯೋ ಎಂಬ ಪಡ್ಡೆ ಹುಡುಗನನ್ನು ತಂದಿದ್ದ. ಆ ಹುಡುಗನನ್ನು ಬೆನ್ನಿಗೆ ಕಟ್ಟಿಕೊಂಡು, ಗಾಳಿಯನ್ನೆಲ್ಲ ತನ್ನ ಎದೆಗೆ ತಗೊಂಡು, ಗೆಲುವಿನ ಗೆರೆಗೆ ಇನ್ನೂರು ಮೀಟರ್ ಇರುವಾಗ ಪಕ್ಕಕ್ಕೆ ಸರಿಯುವುದು ನೋಯೆಲನ ಕೆಲಸ. ಮೊದಲೇ ಸರಿದರೆ ಹುಡುಗನ ಉಸಿರು ಗೆರೆಯತನಕ ಬರುವುದಿಲ್ಲ. ತಡವಾದರೆ ಮಿಕ್ಕವರು ಎರಡೂ ಕಡೆಯಿಂದ ಮುಚ್ಚಿಬಿಡುತ್ತಾರೆ. ಅಲ್ಲಿಗೆ ಸರಿಯಾಗಿ ಬಿಡಬೇಕು.

ವಸಂತದಲ್ಲಿ ಒಂದು ದಿನ ಅವನು ಅವಳ ಅಡುಗೆಮನೆಗೆ ಬಂದು ಮೇಜಿನ ಮುಂದೆ ಕೂತ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು.

"ಅಕ್ಕಾ, ನಂಗೆ ಹಲಗೆ ಕಾಣಲ್ಲ."

"ಯಾವ ಹಲಗೆ?"

"ಕೊನೇಲಿ ಇಟ್ಟಿರ್ತಾರಲ್ಲ, ಐನೂರು, ನಾನೂರು ಅಂತ. ಅಷ್ಟೊತ್ತಿಗೆ ಕಣ್ಣು ಕತ್ತಲೆ ಬಂದ್ಬಿಟ್ಟಿರುತ್ತೆ. ಮುಂದಿನ ಚಕ್ರ ಒಂದು ಕಾಣುತ್ತೆ, ಅಷ್ಟೆ. ಮುಂಚೆ ಹಿಂಗಿರ್ಲಿಲ್ಲ."

"ಡಾಕ್ಟ್ರಿಗೆ ಹೇಳ್ದಾ?"

"ತಲೆ ಕೆಟ್ಟಿದ್ಯಾ ನಿಂಗೆ? ಹೇಳಿದ್ ದಿನಾನೇ ಮನೆಗೆ ಕಳಿಸ್ತಾರೆ." ಸುಲಿದ ಆಲೂಗಡ್ಡೆಯೊಂದನ್ನು ತೆಗೆದುಕೊಂಡು ಅಂಗೈಯಲ್ಲಿ ಉರುಳಿಸುತ್ತ ಕೂತ. "ಆದ್ರೆ ಡೋಲು ಕೇಳುತ್ತೆ. ಕಿವೀಲಿ ಅಲ್ಲ, ಹೊಟ್ಟೇಲಿ ಕೇಳುತ್ತೆ. ನೀನು ಇನ್ನೂರರ ಹಲಗೆ ಹತ್ರ ನಿಂತ್ಕೊಂಡು, ನಾನು ಬರ್ತಿದ್ದಂಗೆ ಮೂರು ಏಟು ಹಾಕು. ನಾನು ಬಿಡ್ತೀನಿ. ಯಾರ್ಗೂ ಹೇಳ್ಬೇಡ."

ಯಾರಿಗೂ ಹೇಳಿರಲಿಲ್ಲ. ಅವಳು ಹುರುಪಿಗೆ ಬಾರಿಸುತ್ತಾಳೆ ಎಂದೇ ಸಂಘದವರು ತಿಳಿದಿದ್ದರು. ಈ ಟೂರಿನ ಮೊದಲ ವಾರದಲ್ಲಿ ಅವಳು ಮೂರು ಏಟು ಹಾಕಿದಳು, ನೋಯೆಲ್ ಸರಿದ, ದಾರಿಯೋ ಗೆದ್ದ. ಇನ್ನೊಂದು ಸಲ ಕೂದಲೆಳೆಯಲ್ಲಿ ಎರಡನೆಯವನಾದ. ಆಮೇಲಿನ ಸಲ ಮುಂದೆ ಯಾರೋ ಬಿದ್ದು ರಸ್ತೆಯೇ ಕಟ್ಟಿಹೋಯಿತು. ಹುಡುಗ ಸಿಟ್ಟಿನಿಂದ ಹೆಲ್ಮೆಟ್ ನೆಲಕ್ಕೆ ಬಡಿದ ಎಂದು ಟೀವಿಯಲ್ಲಿ ತೋರಿಸಿದರು. ಇವತ್ತು, ದ್ರಾಕ್ಷಿ ತೋಟಗಳ ನಡುವಿನ ಈ ವಿಲ್‌ನೂವ್ ಎಂಬ ಊರಿನಲ್ಲಿ, ಟೂರು ಮುಗಿಯುವ ಪ್ಯಾರಿಸ್ಸಿಗೆ ಮುಂಚಿನ ಕೊನೆಯ ಸಪಾಟು ಹಂತ. ಹಿಂದಿನ ದಿನ ನೋಯೆಲ್ ಡೇರೆ ಬಯಲಿನ ಫೋನಿಗೆ ಕರೆ ಮಾಡಿದ್ದ. "ನಾಳೆ ಹುಡುಗ ಗೆದ್ರೆ ನಂಗೆ ಇನ್ನೊಂದು ವರ್ಷ ಕೊಡ್ತೀನಿ ಅಂದ್ರು ಯಜಮಾನ್ರು. ಅವ್ರ ಬಾಯಿಂದ್ಲೇ ಬಂತು ಅಕ್ಕಾ." ಸೋತರೆ ಏನು ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂವತ್ತೈದರ ಮೇಲಾದವನನ್ನು ಬೇರೆ ಯಾವ ತಂಡವೂ ತೆಗೆದುಕೊಳ್ಳುವುದಿಲ್ಲ. ಸೈಕಲ್ ಬಿಟ್ಟರೆ ಅವನಿಗೆ ಬೇರೆ ಏನೂ ಬರುವುದೂ ಇಲ್ಲ. ಮೊಳೆ ಹೊಡೆಯಲು ಹೋದರೆ ಬೆರಳು ಜಜ್ಜಿಕೊಳ್ಳುವ ಗಂಡಸು.

ಅವರಿಗೆ ಜಾಗ ಸಿಕ್ಕಿದ್ದು ನಾನೂರರ ಹಲಗೆಯ ಹತ್ತಿರ. ಅಲ್ಲಿಂದ ಗೆರೆಯ ಕಡೆಗೆ ಇದ್ದ ಬೇಲಿಯೆಲ್ಲ ಜನರಿಂದ ತುಂಬಿಹೋಗಿತ್ತು. ಆದರೆ ಒಂದು ಅಗಲ ಎಲೆಯ ಮರ ಇತ್ತು, ಅದರ ನೆರಳಿತ್ತು. ಸಂಘದವರು ಖುಷಿಯಿಂದ ಕುರ್ಚಿ ಹಾಕಿಕೊಂಡರು.

"ಇದೇ ಚೆನ್ನಾಗಿದೆ ಬಿಡು" ಎಂದ ಫಿರ್ಮಿನ್. "ಅಲ್ಲಿ ಸುಟ್ಟು ಕರಕಲಾಗ್ತಿದ್ವಿ."

"ಸ್ವಲ್ಪ ಕೇಳ್ನೋಡಿ, ಮುಂದೆ ಎಲ್ಲಾದ್ರೂ ನುಸುಳೋಕಾಗುತ್ತಾ ಅಂತ" ಎಂದಳು ಗೋದೆಲೀವ.

"ಈ ಹಂಡೆ ಕಟ್ಕೊಂಡು ಎಲ್ಲಿ ನುಸುಳ್ತೀಯ? ಇಲ್ಲೇ ಬಾರ್ಸು. ಅವನಿಗೆ ಎಲ್ಲಿಂದ ಬಾರ್ಸಿದ್ರೂ ಒಂದೇ."

ಅವಳು ಆದರೂ ಪ್ರಯತ್ನಪಟ್ಟಳು. ಡೋಲಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಜನರ ಬೆನ್ನ ಹಿಂದೆ ಹಿಂದೆಯೇ ಮುಂದಕ್ಕೆ ಹೋದಳು. ಐಸ್‌ಕ್ರೀಮ್ ಗಾಡಿಯ ಹತ್ತಿರ ಅಡ್ಡ ಬೇಲಿ, ಅದಕ್ಕೊಬ್ಬ ಕಾವಲಿನವನು. ಕೊರಳಲ್ಲಿ ಚೀಟಿ ಇದ್ದವರನ್ನಷ್ಟೆ ಬಿಡುತ್ತಿದ್ದ. ಅವಳ ಡೋಲನ್ನು ನೋಡಿ ನಕ್ಕ. ಒಳ್ಳೆಯ ನಗುವೇ, ಆದರೆ ಬಿಡಲಿಲ್ಲ. ವಾಪಸು ಬಂದು ಡೋಲನ್ನು ಮರಕ್ಕೆ ಒರಗಿಸಿ, ಬರಿಗೈಯಲ್ಲಿ ತಂಡದ ಬಸ್ಸುಗಳು ನಿಲ್ಲುವ ಕಡೆ ನಡೆದಳು.

ನೋಯೆಲನ ತಂಡದ ಮಾಲೀಸಿನವನು ಕಾರಿನ ಹಿಂಬದಿಯಲ್ಲಿ ಬಾಟಲಿಗಳಿಗೆ ನೀರು ತುಂಬುತ್ತಿದ್ದ. ವೆರ್ನರ್ ಎಂದು ಹೆಸರು, ಇವರ ಕಡೆಯವನೇ, ನಗುಮುಖದವನು.

"ಏನಕ್ಕಾ, ಇಷ್ಟು ದೂರ? ಡೋಲು ಎಲ್ಲಿ?"

ಯಜಮಾನ ಕಾರಿನಲ್ಲಿ ಓಟದ ಹಿಂದೆಯೇ ಬರುತ್ತಿರುತ್ತಾನೆ, ವೆರ್ನರ್ ಮನಸ್ಸು ಮಾಡಿದರೆ ಅವನಿಗೆ ಸುದ್ದಿ ಮುಟ್ಟಿಸಬಹುದು, ಯಜಮಾನ ಕಿಟಕಿಯಿಂದ ಕೂಗಿ ನೋಯೆಲನಿಗೆ ಹೇಳಬಹುದು. ಎಷ್ಟು ಸುಲಭ! ನಾವು ನಾನೂರರ ಹತ್ತಿರ ಇದ್ದೇವೆ, ಡೋಲು ನಂಬಬೇಡ ಎಂದು ಹೇಳಿ, ಅಷ್ಟೆ. ಡೋಲು ಯಾಕೆ ನಂಬಬೇಕು ಎಂದು ವೆರ್ನರ್ ಕೇಳುತ್ತಾನೆ. ವೆರ್ನರ್ ಕೇಳದಿದ್ದರೆ ಯಜಮಾನ ಕೇಳುತ್ತಾನೆ. ಮುಂದಿನದೆಲ್ಲ ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ಏನಕ್ಕಾ?"

"ಏನಿಲ್ಲಪ್ಪಾ. ಒಂದು ಬಾಟ್ಲಿ ನೀರು ಇದ್ರೆ ಕೊಡು. ಬಿಸಿಲು."

ಅವನು ಎರಡು ಕೊಟ್ಟ. ಅವಳು ಎರಡನ್ನೂ ಎದೆಗೆ ಅವುಚಿಕೊಂಡು ಬಂದಳು, ಒಂದು ಗುಟುಕೂ ಕುಡಿಯಲಿಲ್ಲ.

ದಾರಿಯಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದಳು. ಬಾರಿಸುವುದೇ ಇಲ್ಲ. ಡೋಲು ಕೇಳದಿದ್ದರೆ ಏನೋ ಎಡವಟ್ಟಾಗಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಇಷ್ಟು ವರ್ಷದ ಅಭ್ಯಾಸ, ಕಾಲಿನ ಲೆಕ್ಕದಲ್ಲೇ ಎಳೆದುಕೊಂಡು ಹೋಗುತ್ತಾನೆ. ಒಂದಿಷ್ಟು ತಡವಾದೀತು. ತಡವಾದರೂ ಹುಡುಗ ಚುರುಕಾಗಿದ್ದಾನೆ, ಸಂದಿಯಲ್ಲಿ ನುಗ್ಗಿಯಾನು. ಬೇಗ ಬಿಡುವುದಕ್ಕಿಂತ ಅದೇ ವಾಸಿ. ಡೋಲಿನ ಕೋಲನ್ನು ತೆಗೆದು ತಿಂಡಿಯ ಬುಟ್ಟಿಯೊಳಗೆ, ಬ್ರೆಡ್ಡಿನ ಕೆಳಗೆ ತುರುಕಿದಳು. ಡೋಲನ್ನು ಬೇಲಿಯ ಹತ್ತಿರಕ್ಕೆ ತರಬೇಡಿ ಎಂದರೂ ಗಂಡಸರು ಕೇಳಲಿಲ್ಲ, ತಂದು ಅವಳ ಕುರ್ಚಿಯ ಮುಂದೆಯೇ ಇಟ್ಟರು. ಟೂರು ಶುರುವಾದಾಗಿನಿಂದ ಅದು ಅಲ್ಲಿಯೇ ಇರುತ್ತಿದ್ದ ವಸ್ತು.

ಮಧ್ಯಾಹ್ನವೆಲ್ಲ ಕಾಯುವುದೇ. ಜಾಹೀರಾತಿನ ಗಾಡಿಗಳು ಹಾಡು ಹಾಕಿಕೊಂಡು ಬಂದು ಟೋಪಿ, ಬಿಸ್ಕತ್ತು ಎಸೆದು ಹೋದವು. ಆಖೀಲ್ ಒಂದೇ ಬಿಸ್ಕತ್ತು ಪೊಟ್ಟಣಕ್ಕೆ ಫ್ರೆಂಚ್ ಅಜ್ಜಿಯೊಬ್ಬಳ ಜೊತೆ ಕಿತ್ತಾಡಿ ಸೋತ. ಫಿರ್ಮಿನ್ ಟ್ರಾನ್ಸಿಸ್ಟರ್ ಹಿಡಿದುಕೊಂಡು ಫ್ಲೆಮಿಷ್ ಸ್ಟೇಷನ್ನು ಹುಡುಕುತ್ತಿದ್ದ.

"ಮೂವರು ಮುಂದೆ ಓಡಿದ್ದಾರಂತೆ. ಹಿಡೀತಾರೆ ಬಿಡು."

"ನಮ್ಮೋನು?" ಎಂದ ಆಖೀಲ್.

"ನಮ್ಮೋನು ಹುಡುಗನ ಮುಂದೆ ಇದ್ದಾನೆ. ದಾದಿ ಥರ." ಫಿರ್ಮಿನ್ ತುಟಿ ಕೊಂಕಿಸಿದ. "ಒಂದ್ ಕಾಲದಲ್ಲಿ ಎಲ್ರೂ ಇವನ ಹಿಂದೆ ಬಿದ್ದು ಒದ್ದಾಡ್ತಿದ್ರು. ಈಗ ಇಟಲಿ ಮಗೂನ ಗಾಡೀಲಿ ಕೂರಿಸ್ಕೊಂಡು ತಳ್ಕೊಂಡ್ ಹೋಗ್ತಾನೆ."

"ಗಾಡಿ ತಳ್ಳೋನೂ ಬೇಕಲ್ವಾ ಫಿರ್ಮಿನ್?" ಎಂದಳು ಗೋದೆಲೀವ.

"ಬೇಕು. ನಾನೇನ್ ಬೇಡ ಅಂದ್ನಾ? ಆದ್ರೆ ತಳ್ಳೋನಿಗೆ ಯಾರಾದ್ರೂ ಸಂಘ ಕಟ್ತಾರಾ? ನಾವೇ ಇರ್ಬೇಕು ಪ್ರಪಂಚದಲ್ಲಿ."

ಅವಳಿಗೆ ಮೈ ಉರಿಯಿತು. ಆದರೆ ಫಿರ್ಮಿನನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಪ್ರತಿ ವರ್ಷ ಅಂಗಡಿ ಮುಚ್ಚಿ ಬರುವವನು, ಸೋತ ವರ್ಷಗಳಲ್ಲೂ ಬಂದವನು. ಬೈಯುವ ಹಕ್ಕು ಅವನಿಗೆ ಇತ್ತು.

ಮೂವರನ್ನೂ ಹಿಡಿದರು ಎಂದು ರೇಡಿಯೋ ಹೇಳಿತು. ಹೆಲಿಕಾಪ್ಟರ್ ಸದ್ದು ದ್ರಾಕ್ಷಿ ತೋಟಗಳ ಆಚೆಯಿಂದ ಕೇಳಿಸತೊಡಗಿತು. ಎಲ್ಲರೂ ಎದ್ದು ಬೇಲಿಗೆ ಒತ್ತಿಕೊಂಡರು. ಅಷ್ಟರಲ್ಲಿ ಫಿರ್ಮಿನ್ ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿ, "ಅಯ್ಯೋ ದೇವ್ರೇ!" ಎಂದ.

"ಏನಾಯ್ತು?"

"ನಮ್ ತಂಡದ ಇಬ್ರು ತಿರುವಲ್ಲಿ ಜಾರಿ ಬಿದ್ರಂತೆ. ಮುಂದೆ ಎಳೆಯೋರು. ಇನ್ನು ನೋಯೆಲ್ ಒಬ್ನೇ. ಒಂದು ಕಿಲೋಮೀಟರ್ ಒಬ್ನೇ ಎಳೀಬೇಕು!"

ಎಂಥ ಎಳೆಗಾರನೂ ಅಷ್ಟು ದೂರ ಒಬ್ಬನೇ ಎಳೆಯುವುದಿಲ್ಲ, ಮೂವರು ಸರದಿಯಲ್ಲಿ ಮಾಡುವ ಕೆಲಸ ಅದು. ಗೋದೆಲೀವ ಎರಡೂ ಕೈಯಲ್ಲಿ ಬೇಲಿ ಹಿಡಿದಳು. ಬಿಟ್ಟುಬಿಡೋ, ಎಂದು ಅವಳ ಒಳಗೆ ಏನೋ ಆಗಲೇ ಹೇಳಿತು. ಅದನ್ನು ಅವಳು ತಳ್ಳಿಹಾಕಿದಳು. ಎಳಿ, ಎಳಿಯೋ, ಒಂದು ವರ್ಷ ಕೊಡ್ತಾರಂತೆ ನಿಂಗೆ.

ಮೊದಲು ಮೋಟಾರ್ ಸೈಕಲ್ಲುಗಳು ಹೋದವು. ಆಮೇಲೆ ಜನರ ಕೂಗು ರಸ್ತೆಯ ಉದ್ದಕ್ಕೂ ಉರುಳಿಕೊಂಡು ಬಂತು. ಆಮೇಲೆ ತಿರುವಿನಲ್ಲಿ ಅವರು ಕಾಣಿಸಿದರು, ರಸ್ತೆಯ ಅಗಲಕ್ಕೂ ಬಣ್ಣ ಬಣ್ಣ, ಎಲ್ಲರಿಗಿಂತ ಮುಂದೆ ಒಂದೇ ಒಂದು ಹಳದಿ ಹಸಿರು ಅಂಗಿ.

"ನಮ್ಮೋನೇ!" ಎಂದು ಫಿರ್ಮಿನ್ ಕಿರುಚಿದ. "ನಮ್ಮೋನೇ ಮುಂದೆ! ಏ ಲೀವಾ, ಬಾರ್ಸೆ! ಏನ್ ನೋಡ್ತಾ ನಿಂತಿದ್ದೀಯ, ಬಾರ್ಸೇ!"

"ಕೋಲು ಎಲ್ಲಿ? ಕೋಲು ಎಲ್ಲಿ ಹೋಯ್ತು?" ಎಂದು ಆಖೀಲ್ ಸುತ್ತಲೂ ತಡಕಾಡಿದ. ಬುಟ್ಟಿಯನ್ನು ಬೋರಲು ಹಾಕಿ, ಬ್ರೆಡ್ಡು, ಟೊಮೇಟೊ ಎಲ್ಲ ಚೆಲ್ಲಾಡಿ ಕೋಲನ್ನು ಹುಡುಕಿಯೇ ಬಿಟ್ಟ. "ತಗೋ ಲೀವಾ, ತಗೋ!"

ಕೋಲು ಅವಳ ಕೈಗೆ ಬಂತು. ಬಾರಿಸುವ ಯೋಚನೆ ಆಗಲೂ ಅವಳಿಗಿರಲಿಲ್ಲ. ಕೋಲನ್ನು ಕೆಳಗೆ ಇಳಿಬಿಟ್ಟೇ ಹಿಡಿದಿದ್ದಳು.

ಅವನು ಹತ್ತಿರ ಬಂದ. ಆಗ ಅವನ ಮುಖ ಕಂಡಿತು.

ಗೆದ್ದ ದಿನಗಳಲ್ಲಿ ಅವನ ಮುಖ ಅವಳು ನೋಡಿದ್ದಳು, ಬಿದ್ದು ಮೂಳೆ ಮುರಿದುಕೊಂಡಾಗಲೂ ನೋಡಿದ್ದಳು. ಈ ಮುಖವನ್ನು ಅವನು ದೊಡ್ಡವನಾದ ಮೇಲೆ ನೋಡಿರಲಿಲ್ಲ. ಬಾಯಿ ಒಂದು ಬದಿಗೆ ಸೊಟ್ಟಗೆ ತೆರೆದುಕೊಂಡಿತ್ತು, ಜೊಲ್ಲು ಗಲ್ಲದಿಂದ ಇಳಿದು ಗಾಳಿಗೆ ಹಾರುತ್ತಿತ್ತು. ಕಣ್ಣು ತೆರೆದಿದ್ದವು, ಆದರೆ ಅವುಗಳಲ್ಲಿ ನೋಡುವವನು ಯಾರೂ ಇರಲಿಲ್ಲ. ಅವ್ವ ಸತ್ತಾಗ ಅವನಿಗೆ ಒಂಬತ್ತು ವರ್ಷ. ಚರ್ಚಿನಿಂದ ಬಂದವನೇ ಸೈಕಲ್ ಹತ್ತಿ ಹೋಗಿ, ಕತ್ತಲಾಗುವ ಹೊತ್ತಿಗೆ ಇಂಥದೇ ಬಾಯಿ ಬಿಟ್ಟುಕೊಂಡು ವಾಪಸು ಬಂದಿದ್ದ. ಸಾಕು ಕಣೋ, ಇಳಿ, ಎಂದು ಅವಳೇ ಹಿಡಿದು ಇಳಿಸಿದ್ದಳು. ಈ ಹಾಳು ಇಟಲಿ ಹುಡುಗ ಅವನ ಬೆನ್ನ ಹಿಂದೆ ತಲೆ ತಗ್ಗಿಸಿಕೊಂಡು ತಣ್ಣಗೆ ಕೂತಿದ್ದ. ಇನ್ನೂ ಇನ್ನೂರು ಮೀಟರ್ ಎಳೆದರೆ ನನ್ನ ತಮ್ಮ ಸತ್ತೇ ಹೋಗುತ್ತಾನೆ ಎಂದು ಅವಳಿಗೆ ಅನ್ನಿಸಿತು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಅನ್ನಿಸಿತು.

"ಬಾರ್ಸೇ!"

ಅವಳು ಬಾರಿಸಿದಳು. ಒಂದು. ಎರಡು. ಮೂರು.

ಮೂರನೆಯ ಏಟು ಬಿದ್ದದ್ದೇ ತಡ, ಬಾಗಿಲು ತೆರೆದ ಹಾಗೆ ನೋಯೆಲ್ ಪಕ್ಕಕ್ಕೆ ಸರಿದ. ಎದೆ ಎತ್ತಿ ಉಸಿರೆಳೆದುಕೊಂಡ. ಹುಡುಗ ತಲೆ ಎತ್ತಿದ; ಮುಂದೆ ಖಾಲಿ ರಸ್ತೆ, ಬಿಳಿ ಬಿಸಿಲು, ಗೆರೆ ಎಲ್ಲೋ ದೂರದಲ್ಲಿ. ಒಂದು ಕ್ಷಣ ಅವನು ಹಿಂತಿರುಗಿ ನೋಡಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಎದ್ದು ನಿಂತು ತುಳಿಯತೊಡಗಿದ. ಮುಂದಿನದನ್ನು ಜನರ ಬೆನ್ನುಗಳು ಮುಚ್ಚಿದವು.

"ಬಿಟ್ಬಿಟ್ಟ!" ಎಂದ ಫಿರ್ಮಿನ್. "ಇಲ್ಲೇ ಬಿಟ್ಬಿಟ್ನಲ್ಲೋ! ಯಾಕೋ ಬಿಟ್ಟ?"

ರೇಡಿಯೋದವನೂ ಅದನ್ನೇ ಕೇಳುತ್ತಿದ್ದ. ದಾರಿಯೋ ಏಳನೆಯವನಾದ. ಗೆದ್ದವನು ಯಾವನೋ ಡಚ್ಚಿನವನು. ಫಿರ್ಮಿನ್ ಟ್ರಾನ್ಸಿಸ್ಟರಿನ ಕಿವಿ ಹಿಂಡಿ ಆರಿಸಿದ.

"ಕಾಲು ಮುಗ್ದಿದೆ ಕಣೋ ಅವನ್ದು" ಎಂದ ಆಖೀಲ್, ಚೆಲ್ಲಿದ ಟೊಮೇಟೊ ಆಯುತ್ತ. "ವಯಸ್ಸು. ಏನ್ ಮಾಡೋಕಾಗುತ್ತೆ?"

"ವಯಸ್ಸಂತೆ! ಕಾಲಿಲ್ದೇ ಇದ್ರೆ ಇಷ್ಟು ದೂರ ಹೆಂಗ್ ಬಂದ? ಧೈರ್ಯ ಇಲ್ಲ ಅನ್ನು. ಮುಗೀತು ಇವನ ಕತೆ. ಸಾಮಾನು ಕಟ್ರಪ್ಪಾ, ಹೋಗೋಣ."

ಗೋದೆಲೀವ ಕೋಲನ್ನು ಹಿಡಿದೇ ಇದ್ದಳು. ನಾನು ಮಾಡಿದ್ದು, ಅವನಲ್ಲ, ಎಂದು ಹೇಳಬೇಕಿತ್ತು. ಹೇಳಿದರೆ ಅವನ ಕಣ್ಣಿನ ವಿಷಯವನ್ನೂ ಹೇಳಬೇಕು. ಬಾಯಿ ಒಣಗಿತ್ತು. ವೆರ್ನರ್ ಕೊಟ್ಟ ನೀರಿನ ಬಾಟಲಿಗಳು ಬಿಸಿಲಿಗೆ ಕಾದು ಕುರ್ಚಿಯ ಕೆಳಗೆ ಬಿದ್ದಿದ್ದವು. ಒಂದನ್ನು ತೆರೆದು ಕುಡಿದಳು, ಚಹಾದಷ್ಟು ಬಿಸಿಯಾಗಿತ್ತು.

ಸಂಘದವರು ಸಾಮಾನು ಹೊತ್ತುಕೊಂಡು ಬಸ್ಸಿನ ಕಡೆ ಹೋದರು. ಡೋಲನ್ನೂ ಗಂಡಸರೇ ಒಯ್ದರು. ನೀವು ನಡೀರಿ, ಬರ್ತೀನಿ ಎಂದು ಅವಳು ಅಲ್ಲೇ ಉಳಿದಳು. ನೋಯೆಲ್ ಬಂದೇ ಬರುತ್ತಾನೆಂದು ಗೊತ್ತಿತ್ತು. ಪ್ರತಿ ಸಲವೂ ಬಂದು, ಬೇಲಿಯ ಮೇಲಿಂದ ಬಗ್ಗಿ ಅವಳ ಕೆನ್ನೆಗೆ ಮುತ್ತಿಟ್ಟು, ಒಂದು ಗುಟುಕು ಬಿಯರ್ ಕುಡಿದು ಹೋಗುವುದು ಅವನ ಪದ್ಧತಿ.

ಬಹಳ ಹೊತ್ತಾದ ಮೇಲೆ ಗೆರೆಯ ಕಡೆಯಿಂದ ಬರುತ್ತಿರುವುದು ಕಾಣಿಸಿತು. ಸೈಕಲ್ ತಳ್ಳಿಕೊಂಡು ನಡೆದೇ ಬರುತ್ತಿದ್ದ. ಇನ್ನೂರರ ಹಲಗೆಯ ಹತ್ತಿರ ನಿಂತ. ಎದುರು ಬದಿಯ ಬೇಲಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಅಲ್ಲಿ ಬಿಳಿ ಚಪ್ಪರದ ಕೆಳಗೆ ಟೈ ಕಟ್ಟಿದವರು ಗ್ಲಾಸು ಹಿಡಿದು ನಗುತ್ತಿದ್ದರು. ಒಬ್ಬಾತ ಅವನಿಗೆ ಕೈಬೀಸಿದ. ಅವನು ಅವರ ನಡುವೆ ತನ್ನವರನ್ನು ಹುಡುಕಿದ, ಮತ್ತೆ ಹಲಗೆಯನ್ನು ನೋಡಿದ, ಮತ್ತೆ ಹುಡುಕಿದ. ಆಮೇಲೆ ತಿರುವಿನ ಕಡೆ ಮುಖ ಮಾಡಿ ನಡೆಯತೊಡಗಿದ. ಮುನ್ನೂರರ ಹಲಗೆ ದಾಟಿದ. ಸೈಕಲ್ ಬೂಟಿನ ಕಬ್ಬಿಣ ಟಾರಿನ ಮೇಲೆ ಟಕ್ ಟಕ್ ಎನ್ನುವುದು ಕೇಳಿಸುವಷ್ಟು ಹತ್ತಿರ ಬಂದ. ಅವಳನ್ನು ಕಂಡ. ಅವಳ ಎದುರಿನ ಹಲಗೆಯನ್ನೂ ಕಂಡ.

"ಇಲ್ಲಿದ್ರಾ" ಎಂದ.

"ಪೊಲೀಸ್ನೋನು ಎಬ್ಬಿಸ್ಬಿಟ್ಟ ಕಣೋ. ಬೆಳಿಗ್ಗೇನೇ ಜಾಗ ಹಿಡಿದಿದ್ವಿ. ಚಪ್ಪರ ಹಾಕ್ಬೇಕು ಅಂತ ಎಬ್ಬಿಸ್ದ."

"ಯಜಮಾನ್ರು ಬೈದ್ರು. ನಾನೂರಕ್ಕೇ ಬಿಟ್ಟೆ ಅಂದ್ರು. ಇಲ್ಲ ಸಾರ್, ಇನ್ನೂರಕ್ಕೇ ಬಿಟ್ಟಿದ್ದು, ಹುಡುಗ ಮುಗಿಸ್ಲಿಲ್ಲ ಅಂತ ನಾನು ಜಗಳಕ್ಕೇ ಬಿದ್ದೆ. ಹುಡುಗನ ಮುಂದೇನೇ ಅಂದೆ." ಅವನು ಮುಖದ ಉಪ್ಪನ್ನು ಮೊಣಕೈಯಿಂದ ಒರೆಸಿಕೊಂಡ. "ನಕ್ರು ಅವ್ರು. ಬೈಯೋದು ನಿಲ್ಸಿ ನಕ್ಕೇಬಿಟ್ರು. ಪ್ಯಾರಿಸ್ ಮುಗಿಸ್ಕೊಂಡು ಮನೇಲಿ ರೆಸ್ಟ್ ತಗೋ ಅಂದ್ರು."

"ನೋಯೆಲ್..."

"ಜಾಗ ತಪ್ಪಿದ್ರೆ ತಪ್ಲಿ. ಅದು ನಿನ್ ಕೈಲಿರ್ಲಿಲ್ಲ. ಬಾರಿಸ್ದೇ ಇರ್ಬೋದಿತ್ತಲ್ಲ ಅಕ್ಕಾ?"

ಫಿರ್ಮಿನ್ ಕೂಗಿದ, ಕೈ ಅಭ್ಯಾಸಬಲದಿಂದ ಎದ್ದುಬಿಟ್ಟಿತು ಎನ್ನಬಹುದಿತ್ತು. ನೋಯೆಲ್ ನಂಬುತ್ತಿದ್ದ. ಫಿರ್ಮಿನನನ್ನು ನಾಲ್ಕು ಮಾತು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಆದರೆ ಈ ಮನುಷ್ಯನಿಗೆ, ಅವನು ಹುಟ್ಟಿದಾಗಿನಿಂದ, ಅವಳು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ.

"ಇರ್ಬೋದಿತ್ತು" ಎಂದಳು. "ಬಾರಿಸ್ಬಾರ್ದು ಅಂತಾನೇ ಕೋಲು ಬಚ್ಚಿಟ್ಟಿದ್ದೆ. ನಿನ್ ಮುಖ ನೋಡೋಕಾಗ್ಲಿಲ್ಲ ಕಣೋ. ಸತ್ತೇ ಹೋಗ್ತೀಯ ಅನ್ನಿಸ್ತು. ಸಾಕು, ಬಿಟ್ಬಿಡ್ಲಿ ಅಂತ ಬಾರ್ಸ್ದೆ. ಬೇಕಂತಾನೇ ಬಾರ್ಸ್ದೆ."

ಬೈದರೆ ಸಾಕಪ್ಪಾ ಎಂದು ಅವಳು ಕಾದಳು. ಅವನು ಬಗ್ಗಿ, ಒಂದು ಕೈಯಿಂದ ತನ್ನ ತೊಡೆಯನ್ನು ಒತ್ತಿ ನೋಡಿಕೊಂಡ.

"ಇನ್ನೂ ಇತ್ತು ಅಕ್ಕಾ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. "ಕಾಲಲ್ಲಿ ಇನ್ನೂ ಇತ್ತು. ಇವತ್ತು ಇತ್ತು."

ಸೈಕಲ್ ತಿರುಗಿಸಿ ಹತ್ತಿದ. ಇವತ್ತು ಕೆನ್ನೆಗೆ ಮುತ್ತಿಡಲಿಲ್ಲ, ಮರೆತನೋ ಏನೋ. ಗೆರೆಯ ಕಡೆಗೆ ಮೆಲ್ಲಗೆ ತುಳಿದುಕೊಂಡು ಹೋದ. ರಸ್ತೆಯ ತುಂಬ ಕಾಗದದ ಟೋಪಿಗಳು, ಬಿಸ್ಕತ್ತಿನ ಪೊಟ್ಟಣಗಳು. ಅವುಗಳ ನಡುವೆ ದಾರಿ ಮಾಡಿಕೊಳ್ಳುತ್ತ ಅವನು ಎಡಕ್ಕೆ ಬಲಕ್ಕೆ ವಾಲುವುದು ಬಹಳ ದೂರದವರೆಗೆ ಕಾಣುತ್ತಿತ್ತು.

ಕೆಲಸದವರು ಲಾರಿ ತಂದು ಬೇಲಿ ಬಿಚ್ಚುತ್ತ ಬಂದರು. ಒಂದೊಂದನ್ನೇ ಕೊಂಡಿ ಕಳಚಿ, ಇಬ್ಬಿಬ್ಬರು ಎತ್ತಿ ಲಾರಿಗೆ ಎಸೆಯುತ್ತಿದ್ದರು. ಅವಳು ಒರಗಿ ನಿಂತಿದ್ದ ಬೇಲಿಯ ಹತ್ತಿರ ಬಂದಾಗ ಒಬ್ಬಾತ ಟೋಪಿ ಮುಟ್ಟಿ, ಸ್ವಲ್ಪ ಸರೀತೀರಾ ಅಮ್ಮಾ ಎಂಬಂತೆ ಏನೋ ಅಂದ. ಅವಳು ಕೈ ತೆಗೆದಳು. ಅವರು ಬೇಲಿಯನ್ನು ಎತ್ತಿಕೊಂಡು ಹೋದರು. ಅವಳು ಅಲ್ಲೇ, ರಸ್ತೆಯ ಅಂಚಿನಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು.